ಏಳನೇ ವಾಲ್ವು

ಬೈತಖೋಲದ ಐಸ್ ಫ್ಯಾಕ್ಟರಿ, ರಾತ್ರಿ ಪಾಳಿ.
ಕಂಪ್ರೆಸರಿನ ಸದ್ದು ಹಲ್ಲಿನೊಳಗೂ ಕೇಳುತ್ತದೆ.
ಸ್ಟೂಲಿನ ಮೇಲೆ ನಾನು, ತೊಡೆಯ ಮೇಲೆ
ಮಕ್ತುಮ್ ಸಾಬರ ರದ್ದಿ ಅಂಗಡಿಯ ಪುಸ್ತಕ.
ಅರ್ಗಾದ ನೇವಿ ಕ್ವಾರ್ಟರ್ಸಿನವರು ಯಾರೋ
ವರ್ಗವಾಗಿ ಹೋಗುವಾಗ ತೂಕಕ್ಕೆ ಹಾಕಿದ್ದು.
ಮುಖಪುಟದಲ್ಲಿ ಅದೇ ಆಕಾಶನೌಕೆ.

ಸಿನಿಮಾ ನೋಡಿದ್ದೆ,
ಪೇಟೆಯ ಥಿಯೇಟರು ಮುಚ್ಚುವ ಹಿಂದಿನ ವರ್ಷ,
ಸೊಯ್ರು ತಾಂಡೇಲನ ಸೈಕಲ್ಲಿನ ಹಿಂದೆ ಕೂತು ಹೋಗಿ.
ಅದರಲ್ಲೊಬ್ಬ ಹಳದಿ ಸೂಟಿನವ.
ಹೆಸರಿಲ್ಲ. ಕೊನೆಗೆ ಓಡುವ ಅಕ್ಷರಗಳಲ್ಲಿ
ಎರಡನೇ ಮೆಕ್ಯಾನಿಕ್, ಅಷ್ಟೆ.
ಗಾಳಿ ಸೋರುತ್ತದೆ, ಕೆಂಪು ದೀಪ ಕೂಗುತ್ತದೆ,
ಅವ ಆಚೆ ಬದಿಗೇ ಉಳಿದು ಬಾಗಿಲು ಹಾಕಿಕೊಳ್ಳುತ್ತಾನೆ:
"ಹೋಗಿ, ಹೋಗಿ."
ಆಮೇಲೆ ಗಾಜಿನ ಮೇಲೊಂದು ಕೈ.
ಹನ್ನೊಂದು ಸೆಕೆಂಡು ಇದ್ದೀತು.
ಗಂಡಸು ಅಂದರೆ ಇವ ಮಾರಾಯ, ಅಂದ ಸೊಯ್ರು.
ಎಲ್ಲರ ಜೊತೆ ನಾನೂ ಶಿಳ್ಳೆ ಹಾಕಿದೆ.

ಪುಸ್ತಕದಲ್ಲಿ ಅವನಿಗೆ ಹೆಸರಿದೆ: ವೇರಿನ್.
ಎಡ ದವಡೆಯಲ್ಲಿ ಹಲ್ಲುನೋವಿದೆ.
ನನ್ನ ಇಂಗ್ಲಿಷು ಕುಂಟು, ಒಂದೊಂದು ಸಾಲನ್ನೂ
ಬಂಗಡೆಯ ಮುಳ್ಳು ತೆಗೆದಂತೆ ಬಿಡಿಸಿಕೊಳ್ಳುತ್ತೇನೆ.
ತಂಗಿಗೆ ಕಾಗದ ಬರೆಯುತ್ತಾನೆ,
ಅದರಲ್ಲಿ ಅರ್ಧ ಅಡುಗೆಯವನ ಮೇಲೆ ದೂರು.
ನೂರಾ ಹನ್ನೆರಡನೇ ಪುಟದಲ್ಲಿ
ಏಳನೇ ವಾಲ್ವು ನೋಡದೆಯೇ
ನೋಡಿದೆ ಎಂದು ಸಹಿ ಹಾಕುತ್ತಾನೆ.
ನಿದ್ದೆ ಬಂದಿತ್ತು. ಬೇರೆ ಕಾರಣ ಇಲ್ಲ.
ಸೋರಿದ್ದು ಏಳನೆಯದೇ.

ಹಾಗಾದರೆ ಆ "ಹೋಗಿ, ಹೋಗಿ"?
ಧೈರ್ಯವೂ ಇದ್ದೀತು. ಆದರೆ ಮೊದಲು,
ಯಾರೂ ತನ್ನ ಮುಖ ನೋಡುತ್ತ ನಿಲ್ಲಬಾರದು,
ಯಾರೂ ಕೇಳಬಾರದು.
ಕ್ಯಾಮೆರಾ ಗಾಜಿನ ಈಚೆಯೇ ನಿಂತಿತ್ತು,
ಶಿಳ್ಳೆ ಹಾಕುವವರ ಜೊತೆ.
ಪುಸ್ತಕ ಬರೆದವ,
ಮುಖಪುಟದಲ್ಲಿ ಅವನ ಹೆಸರು ಇರುವೆಯಷ್ಟು,
ಬಾಗಿಲು ಬೀಳುವ ಮುಂಚೆ ಆಚೆ ನುಸುಳಿರಬೇಕು.
ಇಂಥವನ್ನೆಲ್ಲ ದುಡ್ಡಿಗೆ ಬರೆಯುತ್ತಾರಂತೆ, ಗಡಿಬಿಡಿಯಲ್ಲಿ.
ಇರಲಿ. ನಾನು ಎಚ್ಚರ ಇರುವುದೂ ದುಡ್ಡಿಗೇ.

ಎಚ್ಚರ ಅಂದೆ.
ಮೊಳೆಗೆ ನೇತಾಡುವ ಲಾಗ್‌ಬುಕ್ಕಿನಲ್ಲಿ
ಒಂದು ಗಂಟೆಯ ರೀಡಿಂಗು, ಎರಡರದು,
ಇನ್ನೂ ಆಗದ ಮೂರರದು ಕೂಡ,
ನನ್ನದೇ ದುಂಡು ಅಕ್ಷರ, ಒಂದೇ ಉಸಿರಿಗೆ ಬರೆದದ್ದು.

ಟಾರ್ಚು ಹಿಡಿದು ಎದ್ದೆ.
ಗೇಜಿನ ಮುಳ್ಳು ನಾನು ಬರೆದದ್ದಕ್ಕಿಂತ ಎರಡು ಗೆರೆ ಮೇಲೆ.
ಅಪಾಯವೇನಲ್ಲ. ವಾಲ್ವು ಚೂರು ತಿರುಗಿಸಿದೆ.
ತಪ್ಪು ಅಂಕಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದೆ,
ಮಾಲಕ ಹೇಗೂ ನೋಡುವುದಿಲ್ಲ.

ಕೊನೆಯ ಹದಿನಾಲ್ಕು ಹಾಳೆ ಇಲ್ಲ,
ಸಾಬರು ಯಾರಿಗೋ ಶೇಂಗಾ ಕಟ್ಟಿ ಕೊಟ್ಟಿರಬೇಕು.
ವೇರಿನ್ನನ ಕೈ ಹಿಡಿಕೆಯ ಮೇಲಿದೆ,
ಕಾಗದ ಇನ್ನೂ ಜೇಬಿನಲ್ಲೇ,
ಹಲ್ಲು ನೋಯುತ್ತಲೇ ಇದೆ.
ಮುಂದೇನೆಂದು ನನಗೆ ಗೊತ್ತು, ಸೊಯ್ರುವಿಗೆ ಗೊತ್ತು,
ಈ ಪುಸ್ತಕಕ್ಕೆ ಗೊತ್ತಿಲ್ಲ.

ಹೊರಗೆ ಪರ್ಸಿನ್ ಬೋಟಿನವರು ಬಾಗಿಲು ಬಡಿಯುತ್ತಿದ್ದಾರೆ,
ಐಸು, ಐಸು ಅಂತ.
ನಾಲ್ಕಾಯಿತು.
ತೆರೆಯಬೇಕು.