ಬೆನ್ನು ನೋಡು

ಬಾಳೆಲೆಯ ಕೆಳಗದ್ದೆಯಲ್ಲಿ ಕೊಯ್ಲು ಮುಗಿದು
ಹದಿನೈದು ದಿನ. ಕೂಳೆ ಇನ್ನೂ ಚೂಪು.
ಓಡುವಷ್ಟು ಅಗಲಕ್ಕೆ ಕತ್ತಿಯಲ್ಲಿ ಸವರಿ,
ಹೊಲಿಗೆ ಅಂಗಡಿಯ ಬಾಗಿಲಿಗೆ 'ಹತ್ತಕ್ಕೆ' ಎಂದು
ಸೀಮೆಸುಣ್ಣದಲ್ಲಿ ಬರೆದು, ಆರಕ್ಕೇ ಬಂದು ನಿಂತಿದ್ದೇನೆ.
ಲಕ್ಷ್ಮಣತೀರ್ಥದ ಕಡೆಯಿಂದ ಮಂಜು ಮಂಡಿಯವರೆಗೆ.
ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಸೂಜಿ:
ಹನ್ನೊಂದು ತಿಂಗಳ ಹೆಣ್ಣು ಗ್ರೇಹೌಂಡ್,
ಎಲ್ಲವೂ ಎದೆಗೂಡು, ಹೊಟ್ಟೆಯೇ ಇಲ್ಲ,
ಚಳಿಗೆ ನಡುಗುವ ತೊಡೆ.

ಆ ಬದಿಯಲ್ಲಿ ಬಿದ್ದಪ್ಪ ಮಾವ
ಹಳೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ
ಟೈರು ಕಳಚಿದ ಹಿಂಚಕ್ರಕ್ಕೆ ನೂಲು ಕಟ್ಟಿದ್ದಾರೆ.
ನೂಲಿನ ಈ ತುದಿಗೆ ನನ್ನ ಅಂಗಡಿಯ ಚಿಂದಿ,
ಯಾರದೋ ಮದುವೆಯ ಬ್ಲೌಸಿನ ಕೆಂಪು.
ಅವರು ಪೆಡಲು ತಿರುವಿದರೆ ಚಿಂದಿ ಮೊಲವಾಗುತ್ತದೆ.

ಬಿಟ್ಟೆ.

ಮೊದಲ ವಾರ ನನಗೆ ಕಂಡದ್ದು ಬರೀ ಕಾಲು.
ಕಾಲು, ಕಾಲು, ಕಾಲು, ಮಣ್ಣು.
ಎಷ್ಟು ಕಾಲೆಂದು ಕೇಳಿದ್ದರೆ ಏಳೆನ್ನುತ್ತಿದ್ದೆ.
"ಕಾಲು ನೋಡಬೇಡ ಮೂಡಿ, ಬೆನ್ನು ನೋಡು"
ಎಂದರು ಮಾವ. ಮೀರತ್ತಿನಲ್ಲಿ ಇಪ್ಪತ್ತೆರಡು ವರ್ಷ
ಪಟಾಲಮ್ಮಿನ ನಾಯಿಗಳ ಹಿಂದೆ ನಡೆದವರು.
ಮನುಷ್ಯರ ಹೆಸರು ಮರೆಯುತ್ತಾರೆ, ನಾಯಿಗಳದ್ದು ಮರೆಯರು.

ಬೆನ್ನು ನೋಡಿದೆ.
ಬೆನ್ನು ಬಿಲ್ಲಾಗುತ್ತದೆ: ಹಿಂಗಾಲು ಮುಂಗಾಲನ್ನು ದಾಟಿ
ಕಿವಿಯ ಪಕ್ಕದಲ್ಲಿ ಬಂದು ಊರುತ್ತದೆ.
ಬೆನ್ನು ಬಿಚ್ಚುತ್ತದೆ: ಮೂಗಿನಿಂದ ಬಾಲದವರೆಗೆ
ಒಂದೇ ಗೀಟು, ಟೇಪು ಹಿಡಿದು ಎಳೆದ ಹಾಗೆ.
ನೆಲ ಮುಟ್ಟದ ಗಳಿಗೆ ಎರಡು:
ಪೂರ್ತಿ ಬಿಚ್ಚಿದಾಗ ಒಂದು, ಪೂರ್ತಿ ಮಡಿಸಿದಾಗ ಇನ್ನೊಂದು.
ನಡುನಡುವೆ ಮಣ್ಣಿಗೆ ನಾಲ್ಕು ಚುಚ್ಚು.
ಮೂವತ್ತು ವರ್ಷ ಮೆಷಿನ್ನು ತುಳಿದವಳಿಗೆ,
ಸೂಜಿ ಬಟ್ಟೆಯಲ್ಲಿರುವುದಕ್ಕಿಂತ
ಗಾಳಿಯಲ್ಲಿರುವುದೇ ಹೆಚ್ಚೆಂದು
ಈಗ ಗೊತ್ತಾಯಿತು.

ಆದರೆ ಅತ್ತಿಮರದ ಬಳಿ, ಗೂಟಕ್ಕೆ ಬಡಿದ ಬಾವಿರಾಟೆಯನ್ನು
ಬಳಸಿ ನೂಲು ಎಡಕ್ಕೆ ಹೊರಳುವಲ್ಲಿ
ಪ್ರತಿ ಸಲವೂ ಒಂದು ಹೊಲಿಗೆ ತಪ್ಪುತ್ತದೆ.
ನೇರದಲ್ಲಿ ಎಣ್ಣೆ ಬಿಟ್ಟ ಹಾಗಿದ್ದವಳು
ತಿರುವಿನಲ್ಲಿ ಅಗಲಕ್ಕೆ ಹೋಗಿ, ಸೊಂಟ ಎಸೆದು,
ಬದುವಿಗೆ ಉಜ್ಜಿಕೊಂಡೇ ಬರುತ್ತಾಳೆ.
ಗೋಣಿಕೊಪ್ಪದ ಡಾಕ್ಟರು ಕಾಲು ಹಿಂಡಿ, ಮಡಿಸಿ, ಎಳೆದು
"ಏನೂ ಇಲ್ಲ, ಮುನ್ನೂರು ಕೊಡಿ" ಎಂದರು.
ನೋಡಲು ಬಂದ ಹುಡುಗರು ಪುಕ್ಕಲಿ ಎಂದರು.
ನಾನೂ ಒಂದು ದಿನ, ಹೇಳಲು ನಾಚಿಕೆ, ಬೈದೆ.

ನಿನ್ನೆ ರಾತ್ರಿ ಯಾರೋ ತೋಡಿನ ಕಟ್ಟೆ ಒಡೆದು
ತಿರುವಿನ ಮಣ್ಣೆಲ್ಲ ಹಸಿ.
ಸೂಜಿ ಓಡಿದಳು. ಅಚ್ಚು ಉಳಿಯಿತು.
ಕೊರಳ ಟೇಪು ತೆಗೆದು ಮಂಡಿಯೂರಿ ಅಳೆದೆ.
ನೇರದಲ್ಲಿ ಮುಂಗಾಲೆರಡರಲ್ಲಿ ಬಲದ್ದೇ ಕೊನೆಗೆ ಬೀಳುತ್ತದೆ,
ಚಾಚಿಕೊಂಡು, ಮುಂದಾಳಾಗಿ.
ಎಡಕ್ಕೆ ತಿರುಗುವವಳು ಆ ಕೆಲಸ ಎಡಗಾಲಿಗೆ ಕೊಡಬೇಕು.
ಕೊಡುತ್ತಾಳೆ. ಆದರೆ ತಿರುವಿನೊಳಗೆ ಹೋದಮೇಲೆ,
ರಾಟೆ ದಾಟಿ, ಎರಡು ನೆಗೆತ ತಡವಾಗಿ.
ತಿರುವು ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.
ಕೆಂಪು ನೇರ ಓಡುತ್ತಿತ್ತು, ಆಮೇಲೆ
ನೇರ ಓಡಲಿಲ್ಲ, ಅಷ್ಟೇ.

ಇವತ್ತು ಓಟವಿಲ್ಲ. ಪೆಡಲಿಂದ ಕೈ ತೆಗೆದು
ಮಾವ ಬೀಡಿ ಹಚ್ಚಿದರು.
ಅತ್ತಿಮರ ಎಡಕ್ಕಿಟ್ಟುಕೊಂಡು ನಾವಿಬ್ಬರೂ ನಡೆದೆವು,
ಒಂಬತ್ತು ಸುತ್ತು, ಹೊಸ ಸೀರೆಯುಟ್ಟವರಷ್ಟು ನಿಧಾನ.
ಮೂರನೆಯದರಲ್ಲಿ ತನ್ನದೇ ಹೆಜ್ಜೆಯನ್ನು ಮೂಸಿ
ಬೇರೆ ಯಾರದೋ ಎಂಬಂತೆ ಗುರುಗುಟ್ಟಿದಳು.

ಹತ್ತಕ್ಕೆ ಎಂದದ್ದು ಹನ್ನೊಂದೂವರೆಯಾಯಿತು.
ಬ್ಲೌಸು ಒಯ್ಯಲು ಬಂದವಳ ಮುಖ ನೋಡಲಾಗಲಿಲ್ಲ.
ಮೆಷಿನ್ನಿನ ಕೆಳಗೆ ಚಿಂದಿಯ ಮೇಲೆ ಮಲಗಿ
ಸೂಜಿ ನಿದ್ದೆಯಲ್ಲಿ ಓಡುತ್ತಿದ್ದಾಳೆ, ಪಂಜಗಳು ಮಿಡಿಯುತ್ತಿವೆ.
ತುಳಿಯುವುದು ನಿಲ್ಲಿಸಿ ಬಗ್ಗಿದೆ,
ಯಾವ ಕಾಲು ಕೊನೆಗೆ ಬರುತ್ತದೆಂದು.

ನೆಲವೇ ಇಲ್ಲದ ಓಟದಲ್ಲಿ ಕೊನೆ ಯಾವುದು?
ಬೆನ್ನು ಮಾತ್ರ ಮಡಿಸುತ್ತಿತ್ತು, ಬಿಚ್ಚುತ್ತಿತ್ತು.