ಮೂರನೇ ಪರದೆಯ ಬಾಗಿಲು

ಆ ಸಿನಿಮಾ ನಾನು ನೋಡಿಲ್ಲ.
ಕೇಳಿದ್ದೇನೆ, ಮೂವತ್ತಾರು ಸಲ.
ದಿನಕ್ಕೆ ಮೂರು ಆಟ, ಎರಡು ವಾರ,
ಸೋಮವಾರ ನನಗೆ ರಜೆ.

ಗ್ರಿಮ್ಸ್‌ಬಿಯ ಹಳೇ ಮೀನುಬಂದರಿನ ಹಿಂದೆ
ಮೂರು ಪರದೆಯ ಸಣ್ಣ ಚಿತ್ರಮಂದಿರ.
ಟಿಕೆಟ್ ಹರಿಯುವುದು, ಬಾಗಿಲು ಮುಚ್ಚುವುದು,
ಮುಗಿದ ಮೇಲೆ ಪೊರಕೆ ಹಿಡಿದು ಒಳಗೆ ಹೋಗುವುದು.
ನಡುವಿನ ಎರಡು ಗಂಟೆ
ಸ್ಟೂಲಿನ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು.

ಮೊದಲು ತಿಳಿಯುವುದು ಬೆನ್ನಿಗೇ.
ದಪ್ಪ ತಂತಿಯ ವಾದ್ಯ ಬಂದರೆ ಮೂಳೆ ಜುಮ್ಮೆನ್ನುತ್ತದೆ.
ಮಾತೆಲ್ಲ ಮರದಲ್ಲೇ ಸಿಕ್ಕಿಕೊಳ್ಳುತ್ತದೆ,
ಸಂಗೀತವಷ್ಟೇ ಸೋಸಿ ಬರುತ್ತದೆ,
ಪುಡಿ ಮೇಲುಳಿದು ಡಿಕಾಕ್ಷನ್ ಇಳಿದ ಹಾಗೆ.

ನೀಲಾಂಬಿಕೆಯನ್ನು ಮೊದಲ ವಾರವೇ ಕತ್ತರಿಸಿ
ಮೌರೀನ್ 'ನೀಲ್' ಮಾಡಿದಳು.
ಅದು ಗಂಡಸಿನ ಹೆಸರಂತೆ, ಆಮೇಲೆ ಗೊತ್ತಾಯಿತು.
ಎದೆಯ ಬಿಲ್ಲೆಯಲ್ಲೂ ಅದೇ ಇದೆ. ಇರಲಿ.

ಆ ಸಿನಿಮಾದಲ್ಲಿ ಒಂದು ಓಬೋ.
ನಾಲ್ಕು ಸ್ವರ ಮೇಲೆ ಹತ್ತಿ
ಐದನೆಯದಕ್ಕೆ ನಿಂತುಬಿಡುತ್ತದೆ,
ಮೆಟ್ಟಿಲ ಮೇಲೆ ಬೀಗದಕೈ ನೆನಪಾದವರ ಹಾಗೆ.
ಅಷ್ಟರಿಂದ ನಾನು ಕಥೆ ಕಟ್ಟಿದೆ:
ಎಂದೋ ಬಿಟ್ಟುಹೋದ ಮನೆಗೆ ಒಬ್ಬಳು ಬರುತ್ತಾಳೆ.
ಬಾಗಿಲು ತೆರೆಯುವವಳು ಮಗಳು,
ಗುರುತು ಸಿಗುವುದಿಲ್ಲ. ಓಬೋ ನಿಲ್ಲುವುದು ಅಲ್ಲೇ.
ಆಮೇಲೆ ಪಿಟೀಲುಗಳು, ಒಂದೊಂದಾಗಿ, ಆತುರವಿಲ್ಲದೆ.
ಸಂಭಾಷಣೆಯೂ ನನ್ನದೇ, ಕನ್ನಡದಲ್ಲಿ.

ಶನಿವಾರ ಎರಡನೇ ಪರದೆಯಲ್ಲಿ ಯುದ್ಧ.
ನಗಾರಿಗಳು ಗೋಡೆ ದಾಟಿ ಬಂದು
ನನ್ನವಳ ಕಾಲಬುಡದಲ್ಲಿ ಸಿಡಿದವು.
ಮಗಳಿಗೆ ಬೇರೆ ಮಾತು ಕೊಡಬೇಕಾಯಿತು:
"ಯಾರಾದರೇನು, ಗುಡುಗಾಕ ಹತ್ತೇತಿ, ಒಳಗ ಬಾರಬೇ."
ಆ ವಾರದ ಆಟಗಳಲ್ಲಿ ಅದೇ ಚೆನ್ನಾಗಿತ್ತು.

ನಮ್ಮವ್ವನೂ ಸಿನಿಮಾ ನೋಡಿದವಳಲ್ಲ.
ಗದಗಿನ ಕಡೆ ಟೆಂಟ್ ಬಂದಾಗೆಲ್ಲ
ಅದರ ಹಿಂದೆ ಒಲೆ ಹೂಡಿ ಕೂತಿರುತ್ತಿದ್ದಳು,
ಗಡಿಯಾರ ಇಲ್ಲ, ಕಿವಿ ಇತ್ತು.
"ಪಿಟೀಲು ಅಳಾಕ ಹತ್ತೇತಿ,
ಮಿರ್ಚಿ ಎಣ್ಣಿಗೆ ಬಿಡು, ಜನ ಹೊರಗ ಬರ್ತಾರ ಈಗ."
ಒಂದು ದಿನವೂ ತಪ್ಪಲಿಲ್ಲ.
ಬಡಿದಾಟದ ತಾಳಕ್ಕೆ ಈರುಳ್ಳಿ ಹೆಚ್ಚುತ್ತಿದ್ದಳು,
ಅಳುವ ಹಾಡಿಗೂ ಈರುಳ್ಳಿಯೇ.
ಯಾವುದಕ್ಕೆ ಕಣ್ಣೊರೆಸಿಕೊಂಡಳೋ
ನಾನು ಕೇಳಲಿಲ್ಲ.

ಇಲ್ಲಿ ಕೊನೆಯ ಸಂಗೀತ ನನಗೆ ಒಳಗೇ ಸಿಗುತ್ತದೆ.
ಹೆಸರುಗಳು ಮೇಲೇರುತ್ತವೆ, ಜನ ಕೋಟು ಹುಡುಕುತ್ತಾರೆ,
ವಿನೆಗರ್ ವಾಸನೆ, ಉಪ್ಪುಗಾಳಿಯ ವಾಸನೆ.
ಕೀತ್ ಆಬ್ಲೆಟ್ ಮಾತ್ರ ಕದಲುವುದಿಲ್ಲ,
ಟ್ರಾಲರ್ ದೋಣಿಯಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದವ.
ಪೊರಕೆಗೆ ಕಾಲೆತ್ತಿ ಕೊಡುತ್ತಾನೆ, ಕಣ್ಣು ಮುಚ್ಚಿಯೇ.
"ಸದ್ದು ನಿಂತ ಮೇಲೂ ಸ್ವಲ್ಪ ಕಾಯಬೇಕು, ನೀಲ್.
ಆಗಲೇ ಯಾರಾದರೂ ಕರೆಯುವುದು."
ನಾನು ಪಾಪ್‌ಕಾರ್ನ್ ಗುಡಿಸುತ್ತೇನೆ, ಕಾಯುತ್ತೇನೆ.

ಮೊನ್ನೆ ಅದೇ ಸಿನಿಮಾ ಟಿವಿಯಲ್ಲಿ ಬಂತು.
ಚಹಾ ಮಾಡಿಕೊಂಡು ಕೂತೆ.
ಓಬೋ ಬಂತು, ಒಂದು, ಎರಡು, ಮೂರು, ನಾಲ್ಕು.
ಮನೆ ಇಲ್ಲ. ಮಗಳೂ ಇಲ್ಲ.
ಬ್ಯಾಂಕು ದೋಚಿದವನೊಬ್ಬ ಕಾರಿನಲ್ಲಿ ಕೂತು
ಬಹಳ ನಿಧಾನ ಸಾಯುತ್ತಿದ್ದ,
ಕೂದಲು ಮಾತ್ರ ನೀಟಾಗಿ ಬಾಚಿತ್ತು.
ಪಿಟೀಲುಗಳು ಅವನಿಗಂತೆ!

ಎದ್ದೆ. ಕುರ್ಚಿ ತಿರುಗಿಸಿದೆ.
ಟಿವಿಗೆ ಬೆನ್ನು ಕೊಟ್ಟು ಕೂತೆ, ಕೆಲಸದಲ್ಲಿ ಕೂತ ಹಾಗೆ.
ಎದುರಿಗೆ ಬರೀ ಗೋಡೆ, ನೀರಿನ ಕಲೆ,
ಸ್ವಲ್ಪ ಹೊತ್ತಿಗೆ ಒಂದು ಬಾಗಿಲು.
ಅವಳು ಅಲ್ಲೇ ನಿಂತಿದ್ದಳು.
ಅವಳ ಸೆರಗಿಗೆ ಕರಿದ ಎಣ್ಣೆಯ ವಾಸನೆ ಇತ್ತೆಂದು
ಮೂವತ್ತಾರು ಸಲದಲ್ಲಿ
ಒಂದು ಸಲವೂ ಗೊತ್ತಾಗಿರಲಿಲ್ಲ.

ಅಗಳಿ ತೆಗೆದೆ.
ಕಾರಿನವನು ಸತ್ತನೋ ಏನೋ,
ನೋಡಲಿಲ್ಲ.