ನಾಳೆ ಬೇಕಲದಲ್ಲಿ

ಕರಿ ಪ್ಯಾಂಟು ಲಾದ್ರುವಿನದು, ಸೊಂಟ ಎರಡಿಂಚು ಹೆಚ್ಚು.
ಒಳಬದಿಗೆ ಹೊಲಿಗೆ ಹಾಕುತ್ತ ಗುಲಾಬಿ
"ತಿರುಗಿ ನಿಂತರೆ ಗೊತ್ತಾಗುತ್ತದೆ" ಅಂದಳು.
ತಿರುಗಿ ನಿಲ್ಲುವ ಕೆಲಸವಲ್ಲ ಅದು,
ಬೆನ್ನು ತೋರಿಸಬಾರದು ಎಂಬುದೇ ಮೊದಲ ಪಾಠ.

ಅಂಗಳದ ಬೆಂಚಿನ ಮೇಲೆ ಆರು ಬಾಟಲಿ,
ಆರರಲ್ಲೂ ಬಾವಿಯ ನೀರು.
ಒಂದಕ್ಕೆ ಕಣ್ಣ ಚಾ ಬೆರೆಸಿದ್ದೇವೆ, ವಿಸ್ಕಿಯ ಬಣ್ಣಕ್ಕೆ;
ಒಂದಕ್ಕೆ ಪುನರ್ಪುಳಿ, ಅದು ವೈನು.
ಕಂಡವರಿಗೆ ಎಂತ ಹೇಳುವುದು?
ಆಯಿಷಮ್ಮ ಬೇಲಿಯಾಚೆ ನಿಂತು ನೋಡಿದಳು,
ಏನೂ ಕೇಳಲಿಲ್ಲ. ಒಳಗೆ ಹೋಗಿ
ಸ್ಟೀಲಿನ ದೊಡ್ಡ ಟ್ರೇ ತಂದಳು:
"ಮಗಳ ಮದುವೆಯದ್ದು. ಜೋಪಾನ."

ಲಾದ್ರು ಹದಿನೆಂಟು ವರ್ಷ ಹಡಗಿನಲ್ಲಿದ್ದವ,
ತೂಗುವ ನೆಲದಲ್ಲಿ ತುಳುಕದೆ ಸುರಿದವ.
ಈಗ ಮಂಡಿ ಹೋಗಿದೆ, ಅದಕ್ಕೇ ನಾನು.
"ಒಂದು, ಎರಡು, ಮೂರು, ನಾಲ್ಕು.
ನಾಲ್ಕಕ್ಕೆ ಮೂವತ್ತು ಎಂಎಲ್, ಐತಪ್ಪ.
ಎಣಿಸು. ತುಟಿ ಅಲ್ಲಾಡಬಾರದು."
ನನ್ನ ತುಟಿ ಅಲ್ಲಾಡುತ್ತದೆ.

ಇಪ್ಪತ್ತೆರಡು ವರ್ಷ ನಾನು ಲ್ಯಾಬಿನಲ್ಲಿ ನಿಂತವ,
ದಿನಗೂಲಿಗೆ,
ಕನ್ನಡ ಮಾಧ್ಯಮದ ಮಕ್ಕಳಿಗೆ ಬ್ಯೂರೆಟ್ಟು ತೊಳೆದು ಕೊಟ್ಟವ.
ದ್ರವದ ಅಂಚು ನೋಡಬಾರದು, ಹೊಟ್ಟೆ ನೋಡಬೇಕು,
ಬಾಗಿದ ಗೆರೆಯ ತಳ, ಕಣ್ಣಿನ ಮಟ್ಟಕ್ಕೆ
ಎಂದು ಕಾರಂತ ಮಾಷ್ಟ್ರು ಹೇಳುವಾಗ
ಮಕ್ಕಳಿಗಿಂತ ಮೊದಲು ನನ್ನ ಮೊಣಕಾಲು ಬಗ್ಗುತ್ತಿತ್ತು.
ಮಕ್ಕಳು ಕಡಿಮೆಯಾದರು. ಮೂರು ಡಿವಿಷನ್ನು ಒಂದಾಯಿತು.
ಗಾಜನ್ನೆಲ್ಲ ಪೇಪರಿನಲ್ಲಿ ಸುತ್ತಿಟ್ಟು
ಬೀಗದ ಕೈ ಕೊಟ್ಟು ಬಂದೆ.

ಇಲ್ಲಿ ಬಗ್ಗಬಾರದಂತೆ.
ಬೆನ್ನು ನೆಟ್ಟಗೆ, ಕಣ್ಣು ಬಂದವರ ಮೇಲೆ,
ಅಳತೆ ಕೈಯೊಳಗೆ.

ಯಕ್ಷಿತಾ ಕೆಮ್ಮಿನ ಔಷಧದ ಮುಚ್ಚಳ ತಂದಿದ್ದಾಳೆ,
ಹತ್ತು ಎಂಎಲ್ಲಿನದು, ಸರಿಯಾಗಿ ಮೂರು ಸಲ ತುಂಬಬೇಕು.
"ಎರಡೂವರೆ."
"ಮೂರಾಗಿ ಚೆಲ್ಲಿತು."
"ಅಪ್ಪ, ಫೇಲು."

ಸಂಜೆಯ ಪಾಠ ಸುರಿಯುವುದಲ್ಲ, ನಿಲ್ಲಿಸುವುದು.
ಸೋಡಾ ಹಾಕುವಾಗ ಕಿವಿ ತೆರೆದಿರಬೇಕು,
ಯಾರು ಯಾವ ಭಾಷೆಯಲ್ಲಿ ತಡೆಯುತ್ತಾರೋ.
ಲಾದ್ರುವಿನ ಮನೆಯಲ್ಲಿ ಪುರೊ.
ಗುಲಾಬಿ ಗಂಜಿ ಬಡಿಸುವಾಗ ನಾನು ಯಾವು ಅನ್ನುತ್ತೇನೆ,
ಘಟ್ಟದ ಮೇಲಿನವರಾದರೆ ಯಾವುದು ಎಂದು ಕೇಳಿಯಾರು.
ಹೊಸದುರ್ಗದ ಕಡೆಯವರದು ಮತಿ.
ಶಾಲೆಯಲ್ಲಿ ಕಲಿತ ಮತಿ ಬೇರೆ,
ಇರಬೇಕಾದ್ದು, ಗ್ಲಾಸಿನ ಮುಂದೆ ಮೊದಲು ಎದ್ದು ಹೋಗುವಂಥದ್ದು.
ಎರಡೂ ಒಂದೇ ಇರಬಹುದಾ
ಎಂದು ಟ್ರೇ ಒರೆಸುತ್ತ ಕೇಳಿದೆ.
ಲಾದ್ರು ನಕ್ಕ: "ಇದೆಲ್ಲ ಕೌಂಟರಿನಲ್ಲಿ ಹೇಳಬೇಡ, ಮಾರಾಯ."

ಕೆಲವರು ಮಾತಾಡುವುದಿಲ್ಲ, ಅಂಗೈ ಅಡ್ಡ ಹಿಡಿಯುತ್ತಾರೆ.
ಕೆಲವರು ಅದನ್ನೂ ಹಿಡಿಯುವುದಿಲ್ಲ.
ಅಂಥವರಿಗೆ ಐಸು ಹೆಚ್ಚು, ನಡುವೆ ಒಂದು ಲೋಟ ನೀರು,
"ಸರ್, ಊಟ ಬಿಸಿ ಇದೆ."
ಹತ್ತು ಸಲ ಹೇಳಿಸಿದ. ನಗುತ್ತ. ನಗದೆ. ಮಲಯಾಳದಲ್ಲಿ.
ಹತ್ತನೆಯ ಸಲಕ್ಕೆ ನನಗೇ ಹಸಿವಾಯಿತು.

ನಾಳೆ ಡಾಕ್ಟರುಗಳ ಔತಣ, ನೂರಾನಲವತ್ತು ಜನ.
ಒಂದು ರಾತ್ರಿಯ ಪರವಾನಗಿ ಬಂದಿದೆಯಂತೆ.
ನಿಂಬೆ ಅರವತ್ತು, ಬಿಳಿ ಬಟ್ಟೆ ಹನ್ನೆರಡು,
ನನ್ನ ಕಿಸೆಗೆ ಒಂದು ಓಪನರು, ಒಂದು ಬೆಂಕಿಪೊಟ್ಟಣ,
ಉಗುರು ಕತ್ತರಿಸಿ ಆಯಿತು.
ಪಟ್ಟಿಯಲ್ಲಿ ಕಾರಂತ ಮಾಷ್ಟ್ರ ಮಗನ ಹೆಸರಿದೆ,
ಎಲುಬಿನ ಡಾಕ್ಟರು.
ಒಂಬತ್ತನೆಯಲ್ಲಿ ಪಿಪೆಟ್ಟು ಒಡೆದು
ನನ್ನ ಹೆಸರು ಹೇಳಿದವ.
ಆ ಶನಿವಾರದ ಕೂಲಿಯಲ್ಲಿ ಹನ್ನೊಂದು ರೂಪಾಯಿ ಕಡಿಮೆ.
ಗುರುತು ಹಿಡಿದರೆ ಹಿಡಿಯಲಿ, ಇಲ್ಲದಿದ್ದರೆ ಇಲ್ಲ.
ಅವನಿಗೂ ನಾಲ್ಕೇ.

ಎಲ್ಲರೂ ಮಲಗಿದ ಮೇಲೆ
ಒಂದು ಸಲ ಸುರಿದೆ, ತುಟಿ ಕಚ್ಚಿಕೊಂಡು.
ಯಾರೂ ಇರಲಿಲ್ಲ. ಮೊಣಕಾಲು ಬಗ್ಗಿಸಿ
ಗೆರೆಯ ತಳ ನೋಡಿದೆ,
ಬಲ್ಬಿನ ಬೆಳಕಿಗೆ ಹಿಡಿದು.
ಮೂರು ಮುಚ್ಚಳಕ್ಕೆ ಒಂದು ಹನಿ ಕಡಿಮೆ.
ಚಾದ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿ
ಆಯಿಷಮ್ಮನ ಟ್ರೇಯನ್ನು
ಇನ್ನೊಮ್ಮೆ ಒರೆಸಿಟ್ಟೆ.